ಚಾರ್ಲ್ಸ್ ನಿಯಮದ ಹಿಂದಿನ ಮನುಷ್ಯ

ವಿಜ್ಞಾನ ಓದಿದ ನಿಮಗೆ ಚಾರ್ಲ್ಸ್ ನಿಯಮ ಹೊಸದಲ್ಲ. ಒತ್ತಡ ಬದಲಾಗದಿದ್ದರೆ, ಅನಿಲದ ಉಷ್ಣತೆ ಏರಿದಂತೆ ಅದರ ಗಾತ್ರವೂ ಹಿಗ್ಗುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಸಾಲಿನ ಹಿಂದಿರುವ ವ್ಯಕ್ತಿಯ ಬಗ್ಗೆ ನೀವು ಯೋಚಿಸಿದ್ದೀರಾ?

ಜಾಕ್ ಚಾರ್ಲ್ಸ್ ಹುಟ್ಟಿದ್ದು 1746ರ ನವೆಂಬರ್ 12ರಂದು, ಫ್ರಾನ್ಸಿನ ಬೋಜಾನ್ಸಿಯಲ್ಲಿ. ಮೊದಲು ಪ್ಯಾರಿಸಿನ ಹಣಕಾಸು ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಆಮೇಲೆ ಭೌತವಿಜ್ಞಾನಕ್ಕೆ ಮನಸೋತು, ಪ್ರಯೋಗಗಳನ್ನು ಮಾಡಿ ತೋರಿಸುತ್ತಾ ಜನರಿಗೆ ಉಪನ್ಯಾಸ ನೀಡತೊಡಗಿದರು.

1783ರ ಆಗಸ್ಟ್ 27ರಂದು ಅವರು ಹಾರಿಬಿಟ್ಟ ಜಲಜನಕದ ಬಲೂನು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿಯಿತು. ಹೆದರಿದ ಹಳ್ಳಿಗರು ಅದನ್ನು ಚಿಂದಿ ಮಾಡಿದರು! ಅದೇ ಡಿಸೆಂಬರ್ 1ರಂದು ಸಂಗಡಿಗ ರಾಬರ್ಟ್ ಜೊತೆ ಸ್ವತಃ ಆಕಾಶಕ್ಕೇರಿದರು. ಇಳಿದ ಬಳಿಕ ಒಬ್ಬರೇ ಮತ್ತೆ ಮೇಲೇರಿ, ಸುಮಾರು 3000 ಮೀಟರ್ ಎತ್ತರ ತಲುಪಿದರು. ಕಿವಿನೋವಿನಿಂದ ಬಳಲಿ ಇಳಿದ ಅವರು ಮತ್ತೆಂದೂ ಹಾರಲಿಲ್ಲ.

ಸುಮಾರು 1787ರಲ್ಲಿ ಅವರು ಹಲವು ಅನಿಲಗಳನ್ನು ಬಿಸಿಮಾಡಿ ನೋಡಿದರು. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದವು. ಆದರೆ ಇಷ್ಟು ದೊಡ್ಡ ಸತ್ಯವನ್ನು ಅವರು ಪ್ರಕಟಿಸಲೇ ಇಲ್ಲ. 1802ರಲ್ಲಿ ಗೇ-ಲುಸ್ಸಾಕ್ ಎಂಬ ಯುವ ವಿಜ್ಞಾನಿ ಇದನ್ನು ಇನ್ನಷ್ಟು ನಿಖರವಾಗಿ ಅಳೆದು ಪ್ರಕಟಿಸಿದರು. ಚಾರ್ಲ್ಸ್ ತನಗಿಂತ ಮೊದಲೇ ಇದನ್ನು ಕಂಡಿದ್ದರೆಂದು ಅದೇ ಲೇಖನದಲ್ಲಿ ತಿಳಿಸಿದರು. ಆ ಪ್ರಾಮಾಣಿಕತೆ ಇಲ್ಲದಿದ್ದರೆ ಚಾರ್ಲ್ಸ್ ಹೆಸರು ನಿಮ್ಮ ಪಠ್ಯದಲ್ಲಿ ಇರುತ್ತಿರಲಿಲ್ಲ.

ಚಾರ್ಲ್ಸ್ 1823ರಲ್ಲಿ ತೀರಿಕೊಂಡರು. ಆಟೋ ಅವರ ನಾಲ್ಕು ಹೊಡೆತದ ಎಂಜಿನ್ ಬಂದದ್ದು 1876ರಲ್ಲಿ. ಆದರೂ ಇಂದು ನೀವು ಓಡಿಸುವ ಬೈಕಿನಲ್ಲೂ ಅವರ ನಿಯಮ ಕೆಲಸ ಮಾಡುತ್ತಿದೆ. ಎಂಜಿನ್ ಎಳೆದುಕೊಳ್ಳುವ ಗಾಳಿ 27 ಡಿಗ್ರಿ ಸೆಲ್ಸಿಯಸ್‌ನಿಂದ 57 ಡಿಗ್ರಿಗೆ ಏರಿತೆನ್ನಿ. ಕೆಲ್ವಿನ್ ಲೆಕ್ಕದಲ್ಲಿ ಅದು 300ರಿಂದ 330. ಒತ್ತಡ ಅಷ್ಟೇ ಇದ್ದರೆ, ಅದೇ ಸಿಲಿಂಡರಿನಲ್ಲಿ ಹಿಡಿಸುವ ಗಾಳಿಯ ತೂಕ ಸುಮಾರು ಶೇ. 9ರಷ್ಟು ಕಡಿಮೆಯಾಗುತ್ತದೆ. ಆಮ್ಲಜನಕ ಕಡಿಮೆ, ಆದ್ದರಿಂದ ಉರಿಸಬಹುದಾದ ಇಂಧನ ಕಡಿಮೆ, ಶಕ್ತಿಯೂ ಕಡಿಮೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅತಿ ಬಿಸಿ ಗಾಳಿಯಿಂದ ಬಡಿತದ ಸದ್ದೂ ಬರಬಹುದು. ಟರ್ಬೊ ಲಾರಿಗಳಲ್ಲಿ ಒತ್ತಲ್ಪಟ್ಟು ಬಿಸಿಯಾದ ಗಾಳಿಯನ್ನು ಇಂಟರ್‌ಕೂಲರ್ ತಣಿಸಿ ಕಳಿಸುವುದು ಇದಕ್ಕಾಗಿಯೇ. ಹಾಗೆಂದು ಗಾಳಿ ತಣ್ಣಗಾದಷ್ಟೂ ಒಳ್ಳೆಯದೆಂದಲ್ಲ. ಕೊರೆಯುವ ಚಳಿಯಲ್ಲಿ ಇಂಧನ ಸರಿಯಾಗಿ ಆವಿಯಾಗದೆ ಎಂಜಿನ್ ಚಾಲೂ ಆಗಲು ತಿಣುಕುತ್ತದೆ.

ಗೆಳೆಯರೇ, ಜ್ಞಾನವು ಒಂದು ಅಮಾನತ್ತು. ನೀವು ಕಂಡುಕೊಂಡದ್ದನ್ನು ಬರೆದಿಡಿ, ಇತರರಿಗೆ ತಲುಪಿಸಿ. ಇನ್ನೊಬ್ಬರಿಂದ ಪಡೆದದ್ದಾದರೆ ಅವರ ಹೆಸರನ್ನು ಮರೆಯದೆ ಹೇಳಿ. ಮೊದಲನೆಯದನ್ನು ಚಾರ್ಲ್ಸ್ ಮಾಡಲಿಲ್ಲ. ಎರಡನೆಯದನ್ನು ಗೇ-ಲುಸ್ಸಾಕ್ ಮಾಡಿ ತೋರಿಸಿದರು.