ಬರೆದದ್ದನ್ನು ಸುಟ್ಟು ಮತ್ತೆ ಬರೆದ ಎಂಜಿನಿಯರ್

ಎಂಜಿನಿಯರಿಂಗ್ ಓದುತ್ತಾ ಕಥೆ ಬರೆಯುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ಇದರಿಂದ ಏನು ಪ್ರಯೋಜನ? ಮನೆಯವರು ಕೇಳುವ ಮೊದಲೇ ನಾವೇ ಕೇಳಿಕೊಂಡಿರುತ್ತೇವೆ. ನಾನು ಬಿ.ಇ. ವಿದ್ಯಾರ್ಥಿ. ಕಾದಂಬರಿ ಬರೆಯುವ ಆಸೆ ಇದೆ. ರಾತ್ರಿ ಚೆನ್ನಾಗಿದೆ ಎನಿಸಿದ ಪುಟ ಬೆಳಿಗ್ಗೆ ಸಪ್ಪೆಯಾಗಿ ಕಾಣುತ್ತದೆ. ಅದಕ್ಕೇ ಇರಬೇಕು, ರಷ್ಯಾದ ಲೇಖಕ ಫ್ಯೋದರ್ ದಾಸ್ತೋವ್‌ಸ್ಕಿಯ ಬದುಕು ನನಗೆ ಹತ್ತಿರ ಎನಿಸುತ್ತದೆ. ಆತನೂ ಎಂಜಿನಿಯರಿಂಗ್ ಓದಿದವನು.

1821ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಆತನ ತಂದೆ ಬಡವರ ಆಸ್ಪತ್ರೆಯೊಂದರಲ್ಲಿ ವೈದ್ಯರು. ಅಪ್ಪನ ಇಚ್ಛೆಯಂತೆ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮಿಲಿಟರಿ ಎಂಜಿನಿಯರಿಂಗ್ ಶಾಲೆ ಸೇರಿದ. ಮೊದಲ ವರ್ಷವೇ ಮುಂದಿನ ತರಗತಿಗೆ ಹೋಗಲಾಗಲಿಲ್ಲ. ನಮ್ಮ ಭಾಷೆಯಲ್ಲಿ ‘ಇಯರ್ ಬ್ಯಾಕ್’. 1843ರಲ್ಲಿ ಓದು ಮುಗಿಯಿತು, ನಕ್ಷೆ ಬಿಡಿಸುವ ಸರ್ಕಾರಿ ನೌಕರಿ ಸಿಕ್ಕಿತು. ಮರುವರ್ಷವೇ ಅದನ್ನು ಬಿಟ್ಟ.

ಕೈಯಲ್ಲಿದ್ದದ್ದು ಒಂದೇ ಕಾದಂಬರಿ, ‘ಪೂರ್ ಫೋಕ್’. ನವೆಂಬರಿನಲ್ಲಿ ಮುಗಿಸಿದ. ಡಿಸೆಂಬರಿನಲ್ಲಿ ಪೂರ್ತಿ ತಿದ್ದಿ ಬರೆದ. ಫೆಬ್ರುವರಿಯಲ್ಲಿ ಮತ್ತೆ ಹೊಡೆದುಹಾಕುವುದು, ಸೇರಿಸುವುದು. ಕೊನೆಗೆ 1845ರಲ್ಲಿ ರೂಮ್‌ಮೇಟ್ ಗ್ರಿಗೊರೊವಿಚ್ ಹಸ್ತಪ್ರತಿಯನ್ನು ಕವಿ ನೆಕ್ರಾಸೊವ್ ಬಳಿ ಒಯ್ದ. ಇಬ್ಬರೂ ರಾತ್ರಿಯಿಡೀ ಓದಿ, ಬೆಳಗಿನ ಜಾವವೇ ಬಂದು ಬಾಗಿಲು ತಟ್ಟಿದರು. ದೊಡ್ಡ ವಿಮರ್ಶಕ ಬೆಲಿನ್‌ಸ್ಕಿಯೂ ಮೆಚ್ಚಿದ.

ಸಿನಿಮಾ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ 1846ರಲ್ಲೇ ಬಂದ ಎರಡನೇ ಕೃತಿ ‘ದಿ ಡಬಲ್’ ಸೋತಿತು. ಹೊಗಳಿದವರೇ ಹಿಂದೆ ಸರಿದರು. 1849ರಲ್ಲಿ ಸರ್ಕಾರದ ವಿರುದ್ಧದ ಚರ್ಚಾಕೂಟದಲ್ಲಿ ಭಾಗವಹಿಸಿದ್ದಕ್ಕೆ ಬಂಧನವಾಯಿತು. ಮರಣದಂಡನೆಯೆಂದು ಮೈದಾನಕ್ಕೆ ಕರೆದೊಯ್ದು, ಕೊನೆಯ ಗಳಿಗೆಯಲ್ಲಿ ಶಿಕ್ಷೆ ಬದಲಿಸಿದರು. ನಾಲ್ಕು ವರ್ಷ ಸೈಬೀರಿಯಾದ ಜೈಲು, ಆಮೇಲೆ ಸಿಪಾಯಿ ಕೆಲಸ. ಪೀಟರ್ಸ್‌ಬರ್ಗ್‌ಗೆ ಮರಳುವಾಗ ಹತ್ತು ವರ್ಷ ಕಳೆದಿತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು 1865. ಹಿಂದಿನ ವರ್ಷ ಹೆಂಡತಿ, ಅಣ್ಣ ಇಬ್ಬರೂ ತೀರಿಕೊಂಡಿದ್ದರು. ಅಣ್ಣನ ಸಾಲ ಈತನ ಹೆಗಲೇರಿತ್ತು. ಆಗ ಕೊಲೆ ಮಾಡಿದ ವಿದ್ಯಾರ್ಥಿಯೊಬ್ಬನ ಕಥೆ ಬರೆಯುತ್ತಿದ್ದ. ಕೊಲೆಗಾರನೇ ‘ನಾನು’ ಎಂದು ಹೇಳಿಕೊಳ್ಳುವ ಕಥೆ. ನವೆಂಬರಿನ ಹೊತ್ತಿಗೆ ಬಹಳಷ್ಟು ಬರೆದಾಗಿತ್ತು. ಹಿಡಿಸಲಿಲ್ಲ. ಎಲ್ಲವನ್ನೂ ಸುಟ್ಟ. ಬಳಿಕ ‘ನಾನು’ ಬಿಟ್ಟು, ಹೊರಗೆ ನಿಂತು ಒಳಗನ್ನೂ ಬಲ್ಲ ನಿರೂಪಕನನ್ನು ತಂದ. ಅದೇ ‘ಕ್ರೈಮ್ ಅಂಡ್ ಪನಿಷ್‌ಮೆಂಟ್’. ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ ಬರೆದದ್ದನ್ನು ಸುಡಲು ಎಷ್ಟು ಧೈರ್ಯ ಬೇಕು! ‘ನನಗೆ ಬರೆಯಲು ಬರುವುದಿಲ್ಲ’ ಎಂದು ಪೆನ್ನು ಕೆಳಗಿಡಲಿಲ್ಲ. ಈ ಕಥೆಯನ್ನು ಹೀಗೆ ಹೇಳಿದರೆ ಆಗದು ಎಂದು ದಾರಿ ಬದಲಿಸಿದ. ಅನುಮಾನ ತನ್ನ ಮೇಲಲ್ಲ, ಕರಡಿನ ಮೇಲೆ.

ಇನ್ನೊಂದು ಉರುಳೂ ಕುತ್ತಿಗೆಗಿತ್ತು. 3,000 ರೂಬಲ್‌ಗೆ ಪ್ರಕಾಶಕ ಸ್ಟೆಲೊವ್‌ಸ್ಕಿ ಜತೆ ಮಾಡಿಕೊಂಡ ಒಪ್ಪಂದ. 1866ರ ನವೆಂಬರ್ 1ಕ್ಕೆ ಹೊಸ ಕಾದಂಬರಿ ಕೊಡದಿದ್ದರೆ, ಒಂಬತ್ತು ವರ್ಷ ಆತನ ಬರಹಗಳನ್ನೆಲ್ಲ ಬಿಡಿಗಾಸೂ ಕೊಡದೆ ಅಚ್ಚು ಹಾಕುವ ಹಕ್ಕು ಪ್ರಕಾಶಕನಿಗೆ. ಒಂದೇ ತಿಂಗಳು ಉಳಿದಾಗಲೂ ಒಂದು ಪುಟ ಆಗಿರಲಿಲ್ಲ. ಗೆಳೆಯರು ತಲಾ ಒಂದಷ್ಟು ಅಧ್ಯಾಯ ಬರೆದುಕೊಡಲು ಮುಂದಾದರು. ಬೇರೆಯವರ ಬರಹಕ್ಕೆ ತನ್ನ ಹೆಸರು ಹಾಕಲು ಆತ ಒಪ್ಪಲಿಲ್ಲ.

ಅಕ್ಟೋಬರ್ 4ರಂದು ಶೀಘ್ರಲಿಪಿಗಾರ್ತಿ ಅನ್ನಾ ಸ್ನಿಟ್ಕಿನಾ ಕೆಲಸಕ್ಕೆ ಬಂದಳು. ವಯಸ್ಸು ಇಪ್ಪತ್ತು, ಈಗ ನನ್ನದೂ ಅಷ್ಟೇ. ಅದೇ ವರ್ಷ ತಂದೆಯನ್ನು ಕಳೆದುಕೊಂಡಿದ್ದ ಆಕೆಗೆ ಅದು ಮೊದಲ ಉದ್ಯೋಗ. ಆತ ರಾತ್ರಿ ಟಿಪ್ಪಣಿ ಮಾಡಿಕೊಂಡು ಮಧ್ಯಾಹ್ನ ಹೇಳುತ್ತಿದ್ದ. ಆಕೆ ಬರೆದುಕೊಂಡು, ಮನೆಯಲ್ಲಿ ಶುದ್ಧ ಪ್ರತಿ ಮಾಡಿ ಮರುದಿನ ತರುತ್ತಿದ್ದಳು. ಆತ ತಿದ್ದುತ್ತಿದ್ದ. ಎಷ್ಟು ಪುಟವಾಯಿತೆಂದು ಲೆಕ್ಕ ಹಾಕುತ್ತಿದ್ದ. ಸಂಖ್ಯೆ ಏರಿದಂತೆ ಭರವಸೆಯೂ ಏರುತ್ತಿತ್ತು. 26 ದಿನಗಳಲ್ಲಿ ‘ದಿ ಗ್ಯಾಂಬ್ಲರ್’ ಮುಗಿಯಿತು. ಪ್ರಕಾಶಕ ಊರಲ್ಲೇ ಇರಲಿಲ್ಲ! ಹಸ್ತಪ್ರತಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಯಿತು. ಮರುವರ್ಷ ಅವರಿಬ್ಬರೂ ಮದುವೆಯಾದರು. ಮುಂದೆ ಆತನ ಪುಸ್ತಕಗಳನ್ನು ಪ್ರಕಟಿಸಿ, ಮಾರಿ, ಸಾಲ ತೀರಿಸುವ ಹೊಣೆಯನ್ನು ಆಕೆಯೇ ಹೊತ್ತಳು.

ಇಷ್ಟಾದ ಮೇಲೆ ಅನುಮಾನ ಹೋಯಿತೇ? ಇಲ್ಲ. 1867ರ ಕೊನೆಯಲ್ಲಿ ‘ದಿ ಈಡಿಯಟ್’ ಬರೆಯುವಾಗಲೂ ತಿಂಗಳುಗಳ ಕರಡನ್ನು ಎಸೆದು ಹೊಸದಾಗಿ ಶುರು ಮಾಡಿದ. ‘ದಿ ಬ್ರದರ್ಸ್ ಕರಮಜೋವ್’ ಮುಗಿಸಿದ್ದು 1880ರಲ್ಲಿ. ಕೆಲವೇ ತಿಂಗಳಲ್ಲಿ, 1881ರಲ್ಲಿ ತೀರಿಕೊಂಡ.

ಇದನ್ನೆಲ್ಲ ಓದಿ ನೌಕರಿ ಬಿಡಬೇಕು ಎಂದು ನನಗನಿಸಿಲ್ಲ. ನೌಕರಿ ಬಿಟ್ಟ ಆತನಿಗೆ ಸಿಕ್ಕಿದ್ದು ಬಿಡುವಲ್ಲ, ಹಣದ ಚಿಂತೆ. ಆರಾಮವಾಗಿ ಬರೆಯುವಷ್ಟು ಸಮಯವಿಲ್ಲ ಎಂಬ ಕೊರಗು ಆತನಿಗೆ ಕೊನೆಯವರೆಗೂ ಇತ್ತು. ನಾನು ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತೇನೆ. ಜತೆಗೆ ದಿನಕ್ಕೊಂದು ಪುಟ. ಬೆಳಿಗ್ಗೆ ಅದು ಸಪ್ಪೆ ಎನಿಸಿದರೆ, ಸಪ್ಪೆಯಾದದ್ದು ಯಾವ ಸಾಲು ಎಂದು ಹುಡುಕುತ್ತೇನೆ.