ಕೃಪಾಬಾಯಿ ಸತ್ಯನಾಥನ್

ಕಲಾ ಕಾಲೇಜಿಗೆ ಬಂದು ಸೇರುವವರಲ್ಲಿ ಎರಡು ಬಗೆ. ಇಷ್ಟಪಟ್ಟು ಬಂದವರು ಕೆಲವರು. ಬೇರೆ ಕಡೆ ಬಾಗಿಲು ಮುಚ್ಚಿದ್ದರಿಂದ ಬಂದವರು ಹಲವರು. ನಾನು ಎರಡನೆಯ ಗುಂಪಿನವಳೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ನಾನು ಡಾಕ್ಟರಾಗಬೇಕೆಂಬ ಆಸೆ ನನಗಿದ್ದುದಕ್ಕಿಂತ ನಮ್ಮಣ್ಣನಿಗೆ ಹೆಚ್ಚಾಗಿತ್ತು. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದೆ. ಮೂರನೆಯ ಸಲಕ್ಕೆ ಮನೆಯಲ್ಲಿ ಹಣವೂ ಉಳಿಯಲಿಲ್ಲ, ನನ್ನಲ್ಲಿ ಧೈರ್ಯವೂ ಉಳಿಯಲಿಲ್ಲ. ಹೀಗೆ ಈ ಕಾಲೇಜಿನ ಮೆಟ್ಟಿಲು ಹತ್ತಿದವಳು ಮೊದಲ ವರ್ಷವೆಲ್ಲ ಬೆಂಚಿನ ಮೇಲೆ ಕುಳಿತಿದ್ದೆನೇ ಹೊರತು ಪಾಠದಲ್ಲಿ ಮನಸ್ಸಿರಲಿಲ್ಲ.

ಒಂದು ದಿನ ಇಂಗ್ಲಿಷ್ ಅಧ್ಯಾಪಕರು ನಮ್ಮ ದೇಶದ ಆಂಗ್ಲ ಸಾಹಿತ್ಯದ ಚರಿತ್ರೆಯನ್ನು ಹೇಳುತ್ತ, ವೈದ್ಯವಿದ್ಯೆ ಕಲಿಯಲು ಹೋಗಿ ಅದನ್ನು ಬಿಡಬೇಕಾಗಿ ಬಂದು ಕಾದಂಬರಿಕಾರ್ತಿಯಾದವಳೊಬ್ಬಳ ಹೆಸರನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು. ಅವರು ಮುಂದೆ ಹೋದರೂ ನಾನು ಅಲ್ಲಿಯೇ ನಿಂತೆ. ಅಂದಿನಿಂದ ಆಕೆಯ ಜೀವನವನ್ನೂ ಎರಡು ಕಾದಂಬರಿಗಳನ್ನೂ ಹುಡುಕಿ ಓದಿದೆ. ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕೃಪಾಬಾಯಿ ಹುಟ್ಟಿದ್ದು 1862ರಲ್ಲಿ, ಆಗಿನ ಮುಂಬಯಿ ಪ್ರಾಂತದ ಅಹಮದನಗರದಲ್ಲಿ. ತಂದೆ ಹರಿಪಂತರು, ತಾಯಿ ರಾಧಾಬಾಯಿ. ಇಬ್ಬರೂ ಮಹಾರಾಷ್ಟ್ರದ ಬ್ರಾಹ್ಮಣ ಮನೆತನಗಳಿಗೆ ಸೇರಿದವರು. ಹರಿಪಂತರು ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಆ ಕಾಲದಲ್ಲಿ ಹಾಗೆ ಮಾಡುವುದೆಂದರೆ ಹುಟ್ಟಿದ ಮನೆ, ಬಂಧುಬಳಗ, ಊರಿನ ಮರ್ಯಾದೆ ಎಲ್ಲಕ್ಕೂ ಎಳ್ಳುನೀರು ಬಿಡುವುದು. ಎಳೆಯ ಹೆಂಡತಿ ರಾಧಾಬಾಯಿಯ ಸಂಕಟವನ್ನು ಕೇಳುವವರಾರು? ಮಗಳು ಕೇಳಿದಳು. ಮುಂದೆ ಬರೆದ ‘ಸಗುಣಾ’ ಕಾದಂಬರಿಯ ಮೊದಲ ಭಾಗವೆಲ್ಲ ಈ ದಂಪತಿಗಳ ಕಥೆಯೇ. ಗಂಡನ ಹೊಸ ನಂಬಿಕೆಯನ್ನು ಒಪ್ಪಲಾರದೆ, ಗಂಡನನ್ನು ಬಿಡಲೂ ಆರದೆ, ಒಂದೇ ಸೂರಿನಡಿ ತನ್ನ ಮಡಿಯನ್ನು ಕಾಪಾಡಿಕೊಂಡು ನವೆಯುವ ಹುಡುಗಿಯ ಚಿತ್ರ ಅದರಲ್ಲಿದೆ. ಗಂಡನ ತಾಳ್ಮೆ ಮೆಲ್ಲಮೆಲ್ಲನೆ ಅವಳನ್ನು ಗೆಲ್ಲುತ್ತದೆ. ಮದುವೆಯಾಗಿ ಎಷ್ಟೋ ಕಾಲದ ಮೇಲೆ ಗಂಡ ಹೆಂಡಿರಲ್ಲಿ ಪ್ರೇಮ ಹುಟ್ಟುವ ಈ ಪ್ರಸಂಗ ನಾನು ಓದಿದ ಪ್ರಣಯಕಥೆಗಳಲ್ಲೆಲ್ಲ ಅಪರೂಪವಾದುದು. ಕೃಪಾಬಾಯಿಗೆ ಪ್ರೇಮವೂ ಧರ್ಮವೂ ಒಂದೇ ಒಲೆಯ ಮೇಲೆ ಬೆಂದ ಅಡಿಗೆಯೆಂಬುದು ಇಲ್ಲಿಂದಲೇ ತಿಳಿಯುತ್ತದೆ.

ಕೃಪಾಬಾಯಿ ಚಿಕ್ಕವಳಾಗಿದ್ದಾಗಲೇ ತಂದೆ ತೀರಿಹೋದರು. ತಂದೆಯ ಸ್ಥಾನದಲ್ಲಿ ನಿಂತು ಆಕೆಯ ಮನಸ್ಸನ್ನು ತಿದ್ದಿದವನು ಹಿರಿಯಣ್ಣ ಭಾಸ್ಕರ. ಹೆಣ್ಣುಮಕ್ಕಳಿಗೆ ಪುಸ್ತಕವೇಕೆಂದು ಕೇಳುತ್ತಿದ್ದ ಕಾಲದಲ್ಲಿ ಅವನು ತಂಗಿಯೊಡನೆ ಕುಳಿತು ಓದಿದ. ಲೋಕದ ವಿಚಾರಗಳನ್ನು ಅವಳೊಡನೆ ಸಮಾನಳೆಂಬಂತೆ ಚರ್ಚಿಸಿದ. ತಮ್ಮ ದೇಶದ ಹೆಣ್ಣುಮಕ್ಕಳಿಗಾಗಿ ತಂಗಿ ಏನನ್ನಾದರೂ ಮಾಡಬೇಕೆಂಬುದು ಅವನ ಹಂಬಲ. ಆ ಭಾಸ್ಕರನೂ ಬಹುಕಾಲ ಬದುಕಲಿಲ್ಲ. ಅವನ ಮರಣದ ದುಃಖ ಕೃಪಾಬಾಯಿಯನ್ನು ಎಂದೂ ಬಿಡಲಿಲ್ಲ. ಅವನ ಹಂಬಲವೂ ಬಿಡಲಿಲ್ಲ. ಅದು ಆಕೆಗೆ ಒಂದು ವ್ರತವೇ ಆಯಿತು. ಆಕೆಯ ಜೀವನವನ್ನು ಈ ವ್ರತದ ಬೆಳಕಿನಲ್ಲಿ ನೋಡಿದರೆ ಮಾತ್ರ ಅದರ ಏಳುಬೀಳುಗಳಿಗೆ ಅರ್ಥ ಬರುತ್ತದೆ.

ಮುಂಬಯಿಯ ಮಿಷನ್ ಶಾಲೆಯಲ್ಲಿ ಆಕೆಯ ವಿದ್ಯಾಭ್ಯಾಸ ನಡೆಯಿತು. ಅಲ್ಲಿ ಒಳ್ಳೆಯ ಗುರುಗಳೂ ಸಿಕ್ಕರು, ಕಹಿಯೂ ಸಿಕ್ಕಿತು. ಒಂದೇ ದೇವರನ್ನು ಒಂದೇ ಮಂದಿರದಲ್ಲಿ ಪ್ರಾರ್ಥಿಸುವವರಾದರೂ ಬಿಳಿಯರು ಈ ನಾಡಿನ ಕ್ರೈಸ್ತರನ್ನು ಕೆಳಗಿನವರೆಂದು ಕಾಣುತ್ತಿದ್ದುದು ಆ ಹುಡುಗಿಯ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಅದನ್ನು ಆಕೆ ಕಾದಂಬರಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ದೇವರಲ್ಲಿ ಆಕೆಯ ಭಕ್ತಿ ಅಚಲವಾದುದು. ಆದರೆ ದೇವರ ಹೆಸರು ಹೇಳುವವರ ಸೊಕ್ಕನ್ನು ಭಕ್ತಿಯೆಂದು ಆಕೆ ಎಂದೂ ತಿಳಿಯಲಿಲ್ಲ.

ವೈದ್ಯವಿದ್ಯೆ ಕಲಿತರೆ ಪರದೆಯ ಹಿಂದಿರುವ ಹೆಂಗಸರ ಬಳಿಗೆ ಹೋಗಿ ಅವರ ನೋವನ್ನು ಕಳೆಯಬಹುದು. ಭಾಸ್ಕರನ ಹಂಬಲವೂ ಈಡೇರುತ್ತದೆ. ಈ ಯೋಚನೆ ಆಕೆಯಲ್ಲಿ ಬಲವಾಯಿತು. ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲಿಯೇ ಹೆಂಗಸರಿಗೆ ಬಾಗಿಲು ತೆರೆದಿತ್ತು. 1878ರಲ್ಲಿ ಕೃಪಾಬಾಯಿ ಅಲ್ಲಿಗೆ ಸೇರಿದಳು. ವಾಸಕ್ಕೆ ಅಲ್ಲಿನ ಪಾದ್ರಿ ಡಬ್ಲ್ಯು. ಟಿ. ಸತ್ಯನಾಥನ್ ಅವರ ಮನೆ. ಪಾದ್ರಿಗಳ ಪತ್ನಿ ಅನ್ನಾ ಸತ್ಯನಾಥನ್ ಅಂತಃಪುರದ ಸ್ತ್ರೀಯರಿಗೆ ಮನೆಮನೆಗೆ ಹೋಗಿ ವಿದ್ಯೆ ಕಲಿಸುವ ಕೆಲಸದಲ್ಲಿ ಹೆಸರಾದವರು. ಮೊದಲ ವರ್ಷ ಕೃಪಾಬಾಯಿಯ ಸಾಧನೆ ಉಪಾಧ್ಯಾಯರೆಲ್ಲ ಮೆಚ್ಚುವಂತಿತ್ತು. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ದೇಹ ಕುಸಿದುಬಿತ್ತು. ಓದು ನಿಂತಿತು. ಆರೈಕೆಗಾಗಿ ಪುಣೆಯಲ್ಲಿದ್ದ ಅಕ್ಕನ ಮನೆಗೆ ಹೋಗಬೇಕಾಯಿತು.

ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆ. ನಾನು ಪರೀಕ್ಷೆಯಲ್ಲಿ ಸೋತವಳು. ಆಕೆ ಗೆದ್ದೂ ಕಳೆದುಕೊಂಡವಳು. ಯಾರ ದುಃಖ ದೊಡ್ಡದು?

ಮತ್ತೆ ಮದ್ರಾಸಿಗೆ ಬಂದಾಗ ಪಾದ್ರಿಗಳ ಮಗ ಸ್ಯಾಮ್ಯುಯೆಲ್ ಸತ್ಯನಾಥನ್ ಅವರ ಪರಿಚಯವಾಯಿತು. ಅವರು ಕೇಂಬ್ರಿಜ್‌ನಲ್ಲಿ ಓದಿ ಬಂದಿದ್ದ ತರುಣರು. ಪರಿಚಯ ಸ್ನೇಹವಾಗಿ, ಸ್ನೇಹ ಪ್ರೇಮವಾಗಿ ಮದುವೆಯಾಯಿತು. ಹುಡುಗಿಯ ಮನಸ್ಸನ್ನು ಕೇಳದೆಯೇ ಮದುವೆ ಮಾಡುತ್ತಿದ್ದ ಕಾಲದಲ್ಲಿ ತಾನೇ ಮೆಚ್ಚಿ ಕೈಹಿಡಿದ ಮದುವೆ ಇದು. ‘ಸಗುಣಾ’ ಮುಗಿಯುವುದೂ ಇಂತಹ ಮದುವೆಯಲ್ಲಿಯೇ.

ಸ್ಯಾಮ್ಯುಯೆಲ್ ಅವರಿಗೆ ಉದಕಮಂಡಲದ ಬ್ರೀಕ್ಸ್ ಸ್ಮಾರಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕೆಲಸ ಸಿಕ್ಕಿತು. ಮೈಸೂರಿನ ಕಡೆಯವರಾದ ನಾವು ಬಂಡೀಪುರದ ಕಾಡು ದಾಟಿ ಒಂದು ದಿನದ ವಿಹಾರಕ್ಕೆ ಹೋಗಿಬರುವ ಆ ಬೆಟ್ಟವೇ ಕೃಪಾಬಾಯಿಯ ಲೇಖನಿಗೆ ತೌರುಮನೆ. ನೀಲಗಿರಿಯ ತಂಪಿನಲ್ಲಿ ಆರೋಗ್ಯ ಕೊಂಚ ಸುಧಾರಿಸಿತು. ಅಲ್ಲಿ ಮುಸಲ್ಮಾನ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ಆರಂಭಿಸಿದಳು. ಬೇರೆ ಶಾಲೆಗಳಲ್ಲಿಯೂ ಪಾಠ ಹೇಳಿದಳು. ಬಿಡುವಿನಲ್ಲಿ ಬರೆಯತೊಡಗಿದಳು. ಬೆಟ್ಟದ ತೋಡರನ್ನು ನೋಡಿಬಂದು ಬರೆದ ಲೇಖನ ಆ ಕಾಲದ್ದು. ಪತ್ರಿಕೆಗಳಿಗೆ ಕಳುಹಿಸುವಾಗ ತನ್ನ ಹೆಸರು ಹಾಕದೆ ಒಬ್ಬ ಭಾರತೀಯ ಮಹಿಳೆಯೆಂದಷ್ಟೇ ಕಾಣಿಸುತ್ತಿದ್ದಳು. ಹೆಸರಿನ ಆಸೆಗೆ ಬರೆದವಳಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸ್ತ್ರೀವಿದ್ಯಾಭ್ಯಾಸವೇ ಆಕೆಗೆ ಪ್ರಿಯವಾದ ವಿಷಯವಾಗಿತ್ತು.

ಮೂರು ವರ್ಷಗಳ ಮೇಲೆ ಗಂಡನ ಉದ್ಯೋಗದೊಡನೆ ರಾಜಮಹೇಂದ್ರಿಗೆ, ಅಲ್ಲಿ ಕಾಯಿಲೆ ಮರುಕಳಿಸಿದ್ದರಿಂದ ಕುಂಭಕೋಣಕ್ಕೆ, ಕೊನೆಗೆ 1886ರಲ್ಲಿ ಮದ್ರಾಸಿಗೆ ಸಂಸಾರ ಸಾಗಿತು. ಮರುವರ್ಷ, ಎಂದರೆ 1887ರಲ್ಲಿ, ‘ಸಗುಣಾ’ ಧಾರಾವಾಹಿಯಾಗಿ ಬರಲಾರಂಭಿಸಿತು. ಎಲ್ಲಿ ಗೊತ್ತೇ? ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ! ಅದು ನಮ್ಮದರಂತಹ ವಾರ್ಷಿಕ ಸಂಚಿಕೆಯಲ್ಲ. ವಿದ್ವಾಂಸರು ಬರೆಯುತ್ತಿದ್ದ ಗಣ್ಯ ಪತ್ರಿಕೆ. ಆದರೂ ಕಾಲೇಜು ಪತ್ರಿಕೆಯೇ. ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ಭಾರತೀಯ ಸ್ತ್ರೀಯರಲ್ಲಿ ಮೊದಲಿಗರ ಸಾಲಿಗೆ ಸೇರಿದವಳ ಕೃತಿ ಬೆಳಕು ಕಂಡದ್ದು ಅಂತಹ ಪುಟಗಳಲ್ಲಿ. 1888ರವರೆಗೂ ಅದು ನಡೆಯಿತು, ಮುಂದೆ ಪುಸ್ತಕವಾಯಿತು.

‘ಸಗುಣಾ’ ಕಾದಂಬರಿಯೆಂಬ ಹೆಸರಿನ ಆತ್ಮಕಥೆ. ಅಣ್ಣಂದಿರ ಪಾಠವನ್ನು ಮರೆಯಲ್ಲಿ ನಿಂತು ಕೇಳಿ ಕಲಿಯುವ ಹುಡುಗಿ, ಅವಳನ್ನು ಹಾಸ್ಯಮಾಡುವವರು, ಅವಳ ಹಟ, ಅವಳ ಪ್ರಾರ್ಥನೆ ಎಲ್ಲವೂ ಅದರಲ್ಲಿವೆ. ಪ್ರಾರ್ಥನೆಯೆಂದೆ. ಸಗುಣೆಯ ಭಕ್ತಿ ಗಿಳಿಪಾಠವಲ್ಲ. ಸಂಶಯ ಬರುತ್ತದೆ, ಬೇಸರ ಬರುತ್ತದೆ, ಅಹಂಕಾರವೂ ಇಣುಕುತ್ತದೆ; ಅವುಗಳೊಡನೆ ಗುದ್ದಾಡಿಯೇ ಅವಳು ಶಾಂತಿಯನ್ನು ಪಡೆಯುತ್ತಾಳೆ. ಆ ಮತದವಳಲ್ಲದ ನನಗೂ ಆ ಗುದ್ದಾಟ ಪರಿಚಿತವೆನಿಸಿತು.

ಕಥೆ ಇಲ್ಲಿಗೆ ಸುಖಾಂತವಾಗಬಹುದಿತ್ತು. ಆದರೆ ಹುಟ್ಟಿದ ಒಂದೇ ಒಂದು ಮಗು ವರ್ಷ ತುಂಬುವ ಮೊದಲೇ ಕಣ್ಮುಚ್ಚಿತು. ತಾಯಿಯ ಮನಸ್ಸು ಮುರಿಯಿತು. ಅದರ ಮೇಲೆ ಕ್ಷಯರೋಗ. ಆಗ ಅದಕ್ಕೆ ಮದ್ದಿರಲಿಲ್ಲ. ಹೆಚ್ಚು ದಿನ ಉಳಿಯುವ ಆಸೆಯಿಲ್ಲವೆಂದು ವೈದ್ಯರು ತಿಳಿಸಿದ ಮೇಲೆಯೂ ಆಕೆ ಲೇಖನಿಯನ್ನು ಕೆಳಗಿಡಲಿಲ್ಲ. ಹಾಸಿಗೆ ಹಿಡಿದ ಆ ದಿನಗಳಲ್ಲಿ ಬರೆದುದೇ ‘ಕಮಲಾ’. ಅದು 1894ರಲ್ಲಿ ಹೊರಬಂತು. ಅದೇ ವರ್ಷ ಕೃಪಾಬಾಯಿ ತೀರಿಕೊಂಡಳು. ಆಗ ಆಕೆಯ ವಯಸ್ಸು ಮೂವತ್ತೆರಡು.

ಸಾವು ಹೊಸ್ತಿಲಲ್ಲಿ ನಿಂತಿರುವಾಗ ಕ್ರೈಸ್ತ ಭಕ್ತೆಯೊಬ್ಬಳು ಏನನ್ನು ಬರೆದಾಳು? ಸ್ವರ್ಗದ ಮಾತನ್ನು ಬರೆದಾಳೆಂದು ನಾವು ಊಹಿಸುತ್ತೇವೆ. ಕೃಪಾಬಾಯಿ ಬರೆದದ್ದು ಒಂದು ಹಿಂದೂ ಮನೆಯ ಸೊಸೆಯ ಕಥೆಯನ್ನು. ಬೆಟ್ಟದಲ್ಲಿ ವಿರಕ್ತನಾಗಿ ವಾಸಿಸುವ ತಂದೆಯ ಮುದ್ದಿನ ಮಗಳು ಕಮಲೆ. ಎಳೆಯದರಲ್ಲಿಯೇ ಗಣೇಶನೆಂಬ ಓದಿದ ಹುಡುಗನೊಡನೆ ಅವಳ ಮದುವೆ. ಅತ್ತೆ ನಾದಿನಿಯರ ಕಾಟ, ಪರಸ್ತ್ರೀಯ ಬಲೆಗೆ ಬಿದ್ದ ಗಂಡ, ಕೊನೆಗೆ ಅವನು ಕಾಲರಾಕ್ಕೆ ತುತ್ತಾಗುವುದು, ಮಗುವಿನ ಮರಣ. ಹೀಗೆ ಒಂದರ ಮೇಲೊಂದು ಕಷ್ಟ. ಆಗ ರಾಮಚಂದ್ರನೆಂಬ ವೈದ್ಯ, ಅವಳನ್ನು ಮನಸಾರೆ ಪ್ರೀತಿಸಿದವನು, ಮದುವೆಯಾಗುವೆನೆಂದು ಕೇಳುತ್ತಾನೆ. ಕಮಲೆಯ ಹೃದಯದಲ್ಲಿಯೂ ಪ್ರೀತಿಯುಂಟು. ಆದರೂ ಅವಳು ಒಪ್ಪುವುದಿಲ್ಲ. ದೀನರ, ವಿಧವೆಯರ ಸೇವೆಯಲ್ಲಿ ಉಳಿದ ಬಾಳನ್ನು ಕಳೆಯುತ್ತಾಳೆ.

ಈ ಕೊನೆಯನ್ನು ಕುರಿತು ನಮ್ಮ ವಿದ್ಯಾರ್ಥಿನಿಲಯದಲ್ಲಿ ಒಂದು ರಾತ್ರಿಯೆಲ್ಲ ವಾಗ್ವಾದ ನಡೆಯಿತು. ವಿಧವಾವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಎಳೆತನದಲ್ಲಿ ಆದ ಮದುವೆಗೆ ತಾನು ಬದ್ಧಳಲ್ಲವೆಂದು ರಖಮಾಬಾಯಿ ಮುಂಬಯಿಯ ನ್ಯಾಯಾಲಯದಲ್ಲಿ ಹೋರಾಡಿದ್ದೂ, ಅದರಿಂದ ದೇಶವೆಲ್ಲ ಗದ್ದಲವಾದದ್ದೂ 1880ರ ದಶಕದಲ್ಲಿಯೇ. ಇಷ್ಟೆಲ್ಲ ಕಂಡ ಲೇಖಕಿ ಕಮಲೆಗೆ ಮರುಮದುವೆಯ ಸುಖವನ್ನು ಏಕೆ ಕೊಡಲಿಲ್ಲ? ಇದು ಅಂಜಿಕೆಯಲ್ಲವೇ ಎಂದು ಗೆಳತಿಯರು ಕೇಳಿದರು. ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮಿಷನರಿಗಳ ಕನ್ನಡಕದಿಂದ ಹಿಂದೂ ಸಂಸಾರವನ್ನು ನೋಡಿದ ಛಾಯೆ ಕೆಲವು ಪುಟಗಳಲ್ಲಿ ಇರುವುದೂ ನಿಜ. ಆದರೆ ಒಂದು ಮಾತನ್ನು ಮರೆಯಬಾರದು. ಸ್ವಂತ ಇಷ್ಟದ ಮದುವೆಯ ಸುಖವನ್ನು ಸಗುಣೆಗೆ ಕೊಟ್ಟ ಕೈಯೇ ಕಮಲೆಯ ಕಥೆಯನ್ನೂ ಬರೆಯಿತು. ತನ್ನಂತೆ ಬಾಗಿಲು ತೆರೆಯದ ಸಾವಿರಾರು ಹೆಣ್ಣುಮಕ್ಕಳ ನಡುವೆ ಕಮಲೆಯನ್ನು ಇಟ್ಟು, ಅವಳ ಮನಸ್ಸು ಎಲ್ಲಿಯವರೆಗೆ ಹೋಗಬಲ್ಲುದೋ ಅಲ್ಲಿಯವರೆಗೆ ಮಾತ್ರ ಕರೆದೊಯ್ದಳು. ಅವಳನ್ನು ಕ್ರೈಸ್ತಳನ್ನಾಗಿಯೂ ಮಾಡಲಿಲ್ಲ. ತನ್ನ ಧರ್ಮವನ್ನು ಪ್ರಾಣದಂತೆ ಕಂಡವಳು ಕಥಾನಾಯಕಿಯನ್ನು ಅವಳ ಧರ್ಮದಲ್ಲಿಯೇ ದೊಡ್ಡವಳಾಗಲು ಬಿಟ್ಟಳು. ಇದಕ್ಕಿಂತ ಹೆಚ್ಚಿನ ಔದಾರ್ಯವನ್ನು ಭಕ್ತೆಯೊಬ್ಬಳಿಂದ ನಿರೀಕ್ಷಿಸುವುದು ಕಷ್ಟ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಕಮಲೆಯ ಕಥೆಯಲ್ಲಿ ರಾಮಚಂದ್ರ ವೈದ್ಯ. ಕಮಲೆ ಮಗುವನ್ನು ಕಳೆದುಕೊಂಡ ತಾಯಿ. ತಾನು ಆಗದೆ ಹೋದ ವೃತ್ತಿಯನ್ನೂ ತನ್ನ ತೊಟ್ಟಿಲಿನ ದುಃಖವನ್ನೂ ಕೃಪಾಬಾಯಿ ಈ ಇಬ್ಬರಿಗೆ ಹಂಚಿಕೊಟ್ಟಿದ್ದಾಳೆ. ಆದರೂ ತನ್ನ ಗೋಳನ್ನು ಎಲ್ಲಿಯೂ ಹೇಳಿಕೊಂಡಿಲ್ಲ. ಪರರ ನೋವನ್ನು ಶಮನಮಾಡಲು ಹೊರಟವಳಿಗೆ ಔಷಧದ ಪೆಟ್ಟಿಗೆ ದಕ್ಕಲಿಲ್ಲ, ಲೇಖನಿ ದಕ್ಕಿತು. ವ್ರತ ಬದಲಾಗಲಿಲ್ಲ.

ಆಕೆಯ ಮರಣಾನಂತರ 1896ರಲ್ಲಿ ಬಿಡಿ ಬರಹಗಳು ಸಂಗ್ರಹವಾಗಿ ಬಂದವು. ಅದೇ ವರ್ಷ ಕಾದಂಬರಿಗಳು ತಮಿಳಿಗೂ ಅನುವಾದವಾದವು. ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ಆಕೆಯ ನೆನಪಿಗೆ ಒಂದು ಪದಕವನ್ನೂ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವಿದ್ಯಾರ್ಥಿನಿಯರಿಗಾಗಿ ಒಂದು ವಿದ್ಯಾರ್ಥಿವೇತನವನ್ನೂ ಏರ್ಪಡಿಸಿದರು. ತಾನು ಓದಿ ಮುಗಿಸಲಾಗದ ಕಾಲೇಜಿನಲ್ಲಿ ಬೇರೆ ಹುಡುಗಿಯರ ಓದಿಗೆ ಆಕೆಯ ಹೆಸರು ಆಸರೆಯಾಯಿತು! ಆಮೇಲೆ ಬಹುಕಾಲ ಓದುಗರು ಆಕೆಯನ್ನು ಮರೆತರು. 1998ರಲ್ಲಿ ಎರಡು ಕಾದಂಬರಿಗಳೂ ಮರುಮುದ್ರಣಗೊಂಡ ಮೇಲೆ ಮತ್ತೆ ಆಕೆಯ ಮಾತು ತರಗತಿಗಳಲ್ಲಿ ಕೇಳಿಬರುತ್ತಿದೆ.

ಸಹಪಾಠಿಗಳೇ, ಪತ್ರಿಕಾ ಸಮಿತಿಯವರು ಲೇಖನ ಕೇಳಲು ಬಂದಾಗ ನಾವು ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತೇವೆ. ಕಾಲೇಜು ಪತ್ರಿಕೆಯೆಂದರೆ ವರ್ಷಕ್ಕೊಮ್ಮೆ ತುಂಬಿಸಬೇಕಾದ ಪುಟಗಳೆಂದು ನಾನೂ ತಿಳಿದಿದ್ದೆ. ಈಗ ಹಾಗೆನ್ನಲು ನಾಲಿಗೆ ಏಳುವುದಿಲ್ಲ.

ಈ ಲೇಖನದ ಕರಡನ್ನು ಯುಗಾದಿಗೆ ಊರಿಗೆ ಹೋದಾಗ ನಮ್ಮಣ್ಣನಿಗೆ ಓದಿ ಹೇಳಿದೆ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ನನ್ನ ಫೀಸು ಕಟ್ಟುತ್ತಿರುವವನು ಅವನು. ಭಾಸ್ಕರನ ಭಾಗ ಬಂದಾಗ ಎದ್ದುಹೋಗಿ ಕೊಟ್ಟಿಗೆಯಲ್ಲಿ ದನಗಳಿಗೆ ಹುಲ್ಲು ಹಾಕಿ ಬಂದ; ಬಂದವನು ಮುಂದಕ್ಕೆ ಓದೆಂದ. ಪೂರ್ತಿ ಕೇಳಿದ ಮೇಲೆ ಡಾಕ್ಟರಿಕೆಯ ಮಾತೆತ್ತಲಿಲ್ಲ. ಅಚ್ಚಾದಾಗ ಎರಡು ಪ್ರತಿ ತರಬೇಕೆಂದು ಮಾತ್ರ ಹೇಳಿದ.