ಎತ್ತರದಿಂದ ಬಿದ್ದ ನಾಯಕ



ಸಂತರ ಜೀವನಚರಿತ್ರೆಗಳನ್ನು ಈ ಪುಟದಲ್ಲಿ ನೀವು ಓದುತ್ತಲೇ ಇರುತ್ತೀರಿ. ಎಡವಿ ಬಿದ್ದವರ ಬದುಕೂ ನಮಗೆ ಪಾಠವಾಗಬಲ್ಲದು. ಈ ವಾರ ಅಂಥ ಒಬ್ಬನ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಆತ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿ ಗೆದ್ದು ಹೋದವನು. ನಲವತ್ತು ದಾಟಿದವರು ಆತನನ್ನು ಟಿ.ವಿ.ಯಲ್ಲಿ ಕಂಡಿರಬಹುದು. ಆತನೇ ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ.

ಕ್ರೋನಿಯೆ ಹುಟ್ಟಿದ್ದು 1969ರ ಸೆಪ್ಟೆಂಬರ್ 25ರಂದು, ಬ್ಲೂಮ್‌ಫಾಂಟೇನ್ ನಗರದಲ್ಲಿ. ತಂದೆಯೂ ಕ್ರಿಕೆಟ್ ಆಟಗಾರ. ಮನೆಯಲ್ಲಿ ದೈವಭಕ್ತಿಯಿತ್ತು, ಶಿಸ್ತಿತ್ತು. ಗ್ರೇ ಕಾಲೇಜ್ ಎಂಬ ಹೆಸರಾಂತ ಶಾಲೆಯಲ್ಲಿ ಆತ ವಿದ್ಯಾರ್ಥಿ ನಾಯಕನಾಗಿದ್ದ. ವರ್ಣಭೇದ ನೀತಿಯಿಂದಾಗಿ ಆ ದೇಶವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ದೂರವಿಡಲಾಗಿತ್ತು. ಬಹಿಷ್ಕಾರ ಮುಗಿದು 1992ರಲ್ಲಿ ಮೊದಲ ಟೆಸ್ಟ್ ಆಡಿದ ತಂಡದಲ್ಲಿ ಈ ಯುವಕನೂ ಇದ್ದ. 1994ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ದೇಶದ ತಂಡದ ಪೂರ್ಣ ನಾಯಕತ್ವ ಆತನ ಹೆಗಲಿಗೆ ಬಂತು. ಆತನ ನಾಯಕತ್ವದಲ್ಲಿ ತಂಡ 53 ಟೆಸ್ಟ್‌ಗಳಲ್ಲಿ 27ನ್ನೂ 138 ಏಕದಿನ ಪಂದ್ಯಗಳಲ್ಲಿ 99ನ್ನೂ ಗೆದ್ದಿತು.

ಆತ ಹೆಸರಿಗಷ್ಟೇ ಕ್ರೈಸ್ತನಾಗಿರಲಿಲ್ಲ. ತನ್ನ ವಿಶ್ವಾಸದ ಬಗ್ಗೆ ಎಲ್ಲರೆದುರು ಮಾತನಾಡುತ್ತಿದ್ದ. ನನ್ನ ಜಾಗದಲ್ಲಿ ಯೇಸು ಇದ್ದಿದ್ದರೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ನೆನಪಿಸುವ ಅಕ್ಷರಗಳುಳ್ಳ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದ. ತಾಯಂದಿರು ತಮ್ಮ ಮಕ್ಕಳಿಗೆ ಆತನನ್ನು ತೋರಿಸಿ, ಇವನಂತಾಗು ಎಂದು ಹೇಳುವಂಥ ಬದುಕು ಅದು.

ಹಾಗಾದರೆ ಬಿದ್ದದ್ದು ಎಲ್ಲಿ? ಗಮನಿಸಿ, ಒಂದೇ ಸಲಕ್ಕೆ ಬೀಳಲಿಲ್ಲ.

1996ರಲ್ಲಿ ಭಾರತ ಪ್ರವಾಸದಲ್ಲಿದ್ದಾಗ ಕಾನ್ಪುರದಲ್ಲಿ ಒಬ್ಬ ಬುಕ್ಕಿಯ ಪರಿಚಯವಾಯಿತು. ಪಂದ್ಯ ಸೋಲುವಂತೆ ಮಾಡಲು ಆತ 30,000 ಡಾಲರ್ ಕೊಟ್ಟ. ಕ್ರೋನಿಯೆ ಹಣ ತೆಗೆದುಕೊಂಡ. ಆದರೆ ತಂಡದವರಿಗೆ ಏನನ್ನೂ ಹೇಳಲಿಲ್ಲ. ಕೆಲಸ ಮಾಡದೆ ಹಣ ಬಂತು, ಯಾರಿಗೂ ನಷ್ಟವಾಗಲಿಲ್ಲ ಎಂದು ಮನಸ್ಸು ಸಮಾಧಾನ ಹೇಳಿರಬೇಕು. ಆ ಪ್ರವಾಸದ ಕೊನೆಗೆ ಮುಂಬೈಯ ಪಂದ್ಯವೊಂದನ್ನು ಸೋಲಲು ದೊಡ್ಡ ಮೊತ್ತದ ಆಹ್ವಾನ ಬಂದಾಗ, ಅದನ್ನು ತಂಡದ ಸಭೆಯ ಮುಂದೆಯೇ ಇಟ್ಟ. ಆಟಗಾರರು ಒಪ್ಪಲಿಲ್ಲ. 2000ದ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮಳೆಯಿಂದ ಕೆಟ್ಟುಹೋದ ಸೆಂಚೂರಿಯನ್ ಟೆಸ್ಟ್‌ನಲ್ಲಿ ಫಲಿತಾಂಶ ಬರುವಂತೆ ಎದುರಾಳಿಯೊಂದಿಗೆ ಒಪ್ಪಂದ ಮಾಡಿಕೊಂಡ. ಅದರ ಹಿಂದೆ ಒಬ್ಬ ಬಾಜಿಗಾರನಿದ್ದ. ಅದಕ್ಕಾಗಿ ಕೈಸೇರಿದ್ದು ಸ್ವಲ್ಪ ಹಣ ಮತ್ತು ಒಂದು ಚರ್ಮದ ಜಾಕೆಟ್.

ಪಾಪವೂ ಪುಣ್ಯದಂತೆ ಅಭ್ಯಾಸದಿಂದ ಬೇರೂರುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಸಂಡೂರಿನ ಗುಡ್ಡಗಳ ನೆರಳಲ್ಲಿ ಬಾಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಲೋಕಾಯುಕ್ತ ವರದಿ ಹೊರಬಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸುವ ಹಂತಕ್ಕೆ ಬಂದದ್ದು ಒಂದು ದಿನದ ಪಾಪದಿಂದಲ್ಲ. ಒಂದೊಂದು ಲಾರಿಗೂ ಯಾರೋ ಒಬ್ಬರು ಕಣ್ಣು ಮುಚ್ಚಿದ್ದರು.

2000ದ ಫೆಬ್ರವರಿಯಲ್ಲಿ ಕ್ರೋನಿಯೆಯ ತಂಡ ಮತ್ತೆ ಭಾರತಕ್ಕೆ ಬಂತು. ಬೆಂಗಳೂರು ಟೆಸ್ಟಿಗೆ ಮುನ್ನ ಆತ ತಂಡದ ಮೂವರು ಹಿರಿಯ ಆಟಗಾರರ ಮುಂದೆ ತಮಾಷೆ ಎಂಬಂತೆ ಹಣದ ವಿಷಯ ಎತ್ತಿದ. ಅವರು ನಕ್ಕು ತಳ್ಳಿಹಾಕಿದರು. ತಂಡ ಬೆಂಗಳೂರಿನಲ್ಲಿ ಇನಿಂಗ್ಸ್ ಅಂತರದಿಂದ ಗೆದ್ದಿತು; ಸರಣಿಯೂ 2-0ಯಿಂದ ಅವರದಾಯಿತು. ಹೊರಗೆ ಜಯಘೋಷ, ಒಳಗೆ ವ್ಯಾಪಾರ! ಮಾರ್ಚ್ 19ರ ನಾಗಪುರ ಪಂದ್ಯಕ್ಕೆ ಮುನ್ನ ಹರ್ಷಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್ ಎಂಬಿಬ್ಬರಿಗೆ ತಲಾ 15,000 ಡಾಲರಿನ ಆಸೆ ತೋರಿಸಿದ. ಗಿಬ್ಸ್ 20 ರನ್ ದಾಟಬಾರದು, ವಿಲಿಯಮ್ಸ್ ತನ್ನ ಹತ್ತು ಓವರಿನಲ್ಲಿ 50ಕ್ಕಿಂತ ಹೆಚ್ಚು ರನ್ ಕೊಡಬೇಕು. ಇಬ್ಬರೂ ಒಪ್ಪಿದರು. ಆದರೆ ಗಿಬ್ಸ್ ಆಟದ ಹುಮ್ಮಸ್ಸಿನಲ್ಲಿ 74 ರನ್ ಹೊಡೆದ. ವಿಲಿಯಮ್ಸ್‌ಗೆ ಎರಡನೇ ಓವರಿನಲ್ಲೇ ಭುಜ ನೋವಾಯಿತು.

ಇವರಿಬ್ಬರೂ ವರ್ಣಭೇದ ಕಾಲದಲ್ಲಿ ಅವಕಾಶ ಸಿಗದೆ ಹೊರಗುಳಿದಿದ್ದ ಸಮುದಾಯದಿಂದ ಬಂದವರು. ನಾಯಕನ ಮಾತನ್ನು ಮೀರಲು ಅವರಿಗೆ ಎಷ್ಟು ಧೈರ್ಯ ಬೇಕಿತ್ತು, ನೀವೇ ಯೋಚಿಸಿ. ಕ್ರೋನಿಯೆ ಮಾಡಿದ್ದರಲ್ಲೆಲ್ಲ ನನ್ನ ಮನಸ್ಸಿಗೆ ಹೆಚ್ಚು ಚುಚ್ಚುವುದು ಇದೇ. ತಾನು ಬೀಳುವುದು ಒಂದು ಪಾಪ; ತನ್ನನ್ನು ನಂಬಿದ ಚಿಕ್ಕವರನ್ನು ಬೀಳಿಸುವುದು ಅದಕ್ಕಿಂತ ಘೋರ. ಅಂಥವರ ಕೊರಳಿಗೆ ಬೀಸುವ ಕಲ್ಲಿನ ಮಾತನ್ನು ಶುಭಸಂದೇಶದಲ್ಲಿ ನೀವು ಕೇಳಿದ್ದೀರಿ.

ಏಪ್ರಿಲ್ 7ರಂದು ದೆಹಲಿ ಪೊಲೀಸರು ಫೋನ್ ಸಂಭಾಷಣೆಗಳನ್ನು ಬಯಲಿಗಿಟ್ಟರು. ನಾಲ್ಕು ದಿನ ಕ್ರೋನಿಯೆ ಎಲ್ಲವನ್ನೂ ಅಲ್ಲಗಳೆದ. ದೇಶವೆಲ್ಲ ಆತನನ್ನೇ ನಂಬಿತು. 11ರ ನಸುಕಿನಲ್ಲಿ, ನಿದ್ದೆ ಬಾರದೆ, ಕ್ರಿಕೆಟ್ ಮಂಡಳಿಯ ಮುಖ್ಯಸ್ಥರಿಗೆ ಫೋನ್ ಮಾಡಿ, ತಾನು ಪೂರ್ತಿ ಸತ್ಯ ಹೇಳಿಲ್ಲವೆಂದು ಒಪ್ಪಿಕೊಂಡ. ಜೂನ್‌ನಲ್ಲಿ ನ್ಯಾಯಮೂರ್ತಿ ಕಿಂಗ್ ಆಯೋಗದ ಮುಂದೆ, ಬುಕ್ಕಿಗಳಿಂದ ಲಕ್ಷ ಡಾಲರಿಗೂ ಮೀರಿದ ಹಣ ಪಡೆದದ್ದನ್ನು ಹೇಳಿದ. ಹೇಳಿಕೆ ಮುಗಿಸಿ ಹೊರಬರುವಾಗ ಅತ್ತು ಕುಸಿದ. ಕ್ರಿಸ್ತರಿಂದ ತನ್ನ ಕಣ್ಣು ಬೇರೆಡೆ ಸರಿದಾಗ ಸೈತಾನನಿಗೆ ಎಡೆಗೊಟ್ಟೆ ಎಂಬುದು ಆತನ ಮಾತಿನ ತಾತ್ಪರ್ಯ. ಹಲವರು ಇದನ್ನು ನೆಪವೆಂದರು. ಶೋಧನೆ ಪಾಪವಲ್ಲ, ಅದಕ್ಕೆ ನಾವು ಕೊಡುವ ಒಪ್ಪಿಗೆಯೇ ಪಾಪ ಎಂದು ನಮ್ಮ ಧರ್ಮಸಭೆ ಕಲಿಸುತ್ತದೆ. ಸೈತಾನ ಬಾಗಿಲು ತಟ್ಟಬಲ್ಲ. ಚಿಲಕ ಮಾತ್ರ ಒಳಗಡೆ ಇದೆ.

ಆತನಿಗೆ ಕ್ರಿಕೆಟ್ಟಿನಿಂದ ಆಜೀವ ನಿಷೇಧವಾಯಿತು. ನ್ಯಾಯಾಲಯಕ್ಕೆ ಹೋದರೂ 2001ರಲ್ಲಿ ಸೋಲಾಯಿತು. ಮುಂದೆ ಒಂದು ಯಂತ್ರೋಪಕರಣ ಕಂಪನಿಯಲ್ಲಿ ದುಡಿಯತೊಡಗಿದ. 2002ರ ಜೂನ್ 1ರಂದು ಮನೆಗೆ ಹೊರಟಾಗ ಪ್ರಯಾಣಿಕ ವಿಮಾನ ಸಿಗದೆ ಸರಕು ವಿಮಾನ ಹತ್ತಿದ. ಮೋಡ ಕವಿದ ಔಟೆನಿಕ್ವಾ ಬೆಟ್ಟಕ್ಕೆ ಬಡಿದು ಅದು ಉರುಳಿತು. ಇಬ್ಬರು ಪೈಲಟ್‌ಗಳೊಂದಿಗೆ ಆತನೂ ಅಸುನೀಗಿದ. ವಯಸ್ಸು ಮೂವತ್ತೆರಡು. ಓದಿದ ಶಾಲೆಯ ಪ್ರಾರ್ಥನಾ ಮಂದಿರದಲ್ಲೇ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು.

ಇದೆಲ್ಲ ದೂರದ ದೇಶದ ಸಂಗತಿ ಎನ್ನುವಿರಾ? 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಮೋಸದಾಟದ ಆರೋಪ ಬಂದು, ನಮ್ಮ ಬಳ್ಳಾರಿಯ ಹೆಸರು ಹೊತ್ತ ತಂಡದ ಆಟಗಾರರೂ ಬಂಧನಕ್ಕೊಳಗಾದರು. ಆರೋಪ ನಿಜವೋ ಸುಳ್ಳೋ, ಅದು ನಾವು ತೀರ್ಪು ಕೊಡುವ ವಿಷಯವಲ್ಲ. 2022ರ ಜನವರಿಯಲ್ಲಿ ಹೈಕೋರ್ಟ್ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಜನ ತಾವಾಗಿಯೇ ಟಿಕೆಟ್ ಕೊಳ್ಳುತ್ತಾರೆ. ಆದ್ದರಿಂದ ಮ್ಯಾಚ್ ಫಿಕ್ಸಿಂಗ್ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ, ಅಶಿಸ್ತಿಗೆ ಕ್ರಿಕೆಟ್ ಮಂಡಳಿಯೇ ಕ್ರಮ ಕೈಗೊಳ್ಳಬಹುದು ಎಂಬುದು ತೀರ್ಪಿನ ಸಾರ. ಕಾನೂನಿನ ಕೈಗೆ ತನ್ನದೇ ಅಳತೆಯಿದೆ. ಅಂತಃಸಾಕ್ಷಿಯ ಅಳತೆ ಬೇರೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಬಾಜಿ ಆಟವನ್ನು ಅದರಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ಮನೆಯವರ ಅಗತ್ಯಕ್ಕೆ ಬೇಕಾದುದನ್ನು ಕಸಿದಾಗ ಅದು ತಪ್ಪು, ಆಟದಲ್ಲಿ ಮೋಸ ಮಾಡುವುದು ಗಂಭೀರ ವಿಷಯ ಎನ್ನುತ್ತದೆ. ಪಾಪನಿವೇದನೆಯ ನಂತರವೂ ಮಾಡಿದ ನಷ್ಟವನ್ನು ತುಂಬಿಕೊಡುವ ಹೊಣೆ ಉಳಿಯುತ್ತದೆ. ಜಕ್ಕಾಯನು ನಾಲ್ಕು ಪಟ್ಟು ಹಿಂದಿರುಗಿಸಲು ಎದ್ದು ನಿಂತದ್ದು ಅದಕ್ಕೇ.

ಬಂಡ್ರಿಯಂಥ ನಮ್ಮ ಊರುಗಳ ಬಯಲಿನಲ್ಲಿ ಟೆನಿಸ್ ಚೆಂಡಿನ ಪಂದ್ಯ ನಡೆಯುವಾಗ, ಐಪಿಎಲ್ ದಿನಗಳಲ್ಲಿ ಮಗ ಮೊಬೈಲ್ ಹಿಡಿದು ಮೂಲೆ ಸೇರಿದಾಗ, ಹೆತ್ತವರೇ, ಗೆದ್ದೆಯಾ ಎಂದಷ್ಟೇ ಕೇಳಬೇಡಿ. ಹೇಗೆ ಗೆದ್ದೆ ಎಂದೂ ಕೇಳಿ. ಆತ ಸೋತು, ಆದರೆ ಪ್ರಾಮಾಣಿಕನಾಗಿ ಮನೆಗೆ ಬಂದರೆ ಬಿಸಿ ರೊಟ್ಟಿ ಹಾಕಿ ಬೆನ್ನು ತಟ್ಟಿ.

ಯೂದನೂ ಪೇತ್ರನೂ ಒಂದೇ ರಾತ್ರಿ ಬಿದ್ದರು. ಒಬ್ಬ ನಿರಾಶೆಗೆ ಶರಣಾದ. ಇನ್ನೊಬ್ಬ ಅತ್ತು ಪ್ರಭುವಿನ ಬಳಿಗೆ ಮರಳಿದ. ಕ್ರೋನಿಯೆ ಎಲ್ಲವನ್ನೂ ಹೇಳಿದನೇ ಎಂದು ಲೋಕ ಇಂದಿಗೂ ಅನುಮಾನಿಸುತ್ತದೆ. ಆ ಲೆಕ್ಕ ದೇವರಿಗೆ ಬಿಟ್ಟದ್ದು. ಈ ಸಂಜೆಯ ಜಪಸರದಲ್ಲಿ ಆತನ ಆತ್ಮಕ್ಕಾಗಿ ಒಂದು ನಮೋ ಮರಿಯ ಹೇಳಿ. ಹಾಗೆಯೇ, ಇಂದು ಎಲ್ಲೋ ಒಂದು ಕಡೆ ಮೊದಲ ಸಲ ಚಾಚಿದ ಹಣದ ಮುಂದೆ ನಿಂತಿರುವ ಹುಡುಗನಿಗಾಗಿ ಇನ್ನೊಂದು.